ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಬೆಳವಣಿಗೆ ನಿಯಂತ್ರಕಗಳು: ಬಾಟಲಿ ಮುಚ್ಚಳ ತೆಗೆಯುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಲ್ಯಾಬಿಗೆ ಹೊಸದಾಗಿ ಬಂದವರು ಮೊದಲ ವಾರ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ, ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಟಿಶ್ಯೂ ಕಲ್ಚರ್ ಅಂದರೆ ಗಿಡದ ಚೂರನ್ನು ಬಾಟಲಿಯೊಳಗೆ ಮೀಡಿಯಾ ಎಂಬ ಪೋಷಕಾಂಶದ ಮಿಶ್ರಣದಲ್ಲಿ ಬೆಳೆಸುವುದು. ಇಲ್ಲಿರುವುದು ಬೆಳವಣಿಗೆ ನಿಯಂತ್ರಕದ ಪುಡಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಮೀಡಿಯಾಗೆ ಹಾಕುವವರಿಗೆ. ಹೊಲದಲ್ಲಿ ಲೀಟರ್‌ಗಟ್ಟಲೆ ಸಿಂಪಡಿಸುವವರಿಗೆ ಬೇಕಾದ ಎಚ್ಚರಿಕೆ ಬೇರೆಯೇ ಇದೆ.

ಇವು ಗಿಡದ ಹಾರ್ಮೋನ್ ತಾನೇ? ನಮಗೇನು ಮಾಡುತ್ತೆ?

ಹಾರ್ಮೋನ್ ಆಗಿ ಏನೂ ಮಾಡುವುದಿಲ್ಲ. ಆಕ್ಸಿನ್ ಎಂಬ ಗಿಡದ ಹಾರ್ಮೋನ್ ಬಂದು ಕೂರುವ ಪ್ರೋಟೀನು ಗಿಡದ ಜೀವಕೋಶದಲ್ಲಿದೆ, ನಮ್ಮಲ್ಲಿಲ್ಲ. ಒಂದು ತಮಾಷೆ ಗೊತ್ತಾ? ಇಂಡೋಲ್ ಅಸಿಟಿಕ್ ಆಮ್ಲವನ್ನು, ಅಂದರೆ ನಾವು ಐಎಎ ಅಂತ ಕರೆಯುವ ಆಕ್ಸಿನ್ ಅನ್ನು, 1934ರಲ್ಲಿ ಕೋಗ್ಲ್ ಮತ್ತು ಅವರ ಜೊತೆಗಾರರು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಟ್ರಿಪ್ಟೊಫಾನ್‌ನಿಂದ ಅದನ್ನು ದಿನಾ ಮಾಡುತ್ತಲೇ ಇರುತ್ತವೆ.

ಹಾಗಂತ ಧೈರ್ಯ ಜಾಸ್ತಿ ಬೇಡ. ಪುಡಿ ಕಣ್ಣಿಗೆ ಬಿದ್ದಾಗ ಅದು ಹಾರ್ಮೋನೋ ಅಲ್ಲವೋ ಅಂತ ಕಣ್ಣು ಕೇಳುವುದಿಲ್ಲ. ಅದೊಂದು ಆಮ್ಲದ ಪುಡಿ, ಉರಿಯುತ್ತೆ. ಒಂದೊಂದರ ಸ್ವಭಾವವೂ ಬೇರೆ. ಜಿಬ್ಬರೆಲಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನ್ ನುಂಗಿದರೆ ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣ ದೇಹದ ಪ್ರತಿ ಕಿಲೋಗೆ 6,000 ಮಿ.ಗ್ರಾಂಗೂ ಜಾಸ್ತಿ. 2,4-ಡಿ ಎಂಬ ಕೃತಕ ಆಕ್ಸಿನ್‌ನಲ್ಲಿ ಅದು ಕೆಲವು ನೂರು ಮಿ.ಗ್ರಾಂ ಅಷ್ಟೇ. ಎರಡೂ ಬಿಳಿ ಪುಡಿ, ಎರಡೂ ಒಂದೇ ಶೆಲ್ಫಿನಲ್ಲಿ ಇರುತ್ತವೆ.

ಹಾಗಾದರೆ ಇವುಗಳಲ್ಲಿ ಎಲ್ಲಕ್ಕಿಂತ ಅಪಾಯದ್ದು 2,4-ಡಿ ತಾನೇ?

ನಾವು ದಿನಾ ಬಳಸುವ ನಿಯಂತ್ರಕಗಳಲ್ಲಿ ಹೌದು. ಕಣ್ಣಿಗೆ ಗಂಭೀರ ಹಾನಿ ಮಾಡುತ್ತದೆ, ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ದೂಳು ಮೂಗಿಗೆ ಹೋದರೆ ಗಂಟಲು ಕೆರೆಯುತ್ತದೆ, ನುಂಗಿದರೆ ಕೆಟ್ಟದ್ದು.

ಆದರೆ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಜನ ಪೆಟ್ಟು ತಿನ್ನುವುದು ನಿಯಂತ್ರಕದಿಂದ ಕಮ್ಮಿ, ಅದರ ಜೊತೆಗಾರರಿಂದ ಜಾಸ್ತಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಪುಡಿ ಕರಗಿಸಲು ಹಾಕುವ ಸೋಡಿಯಂ ಹೈಡ್ರಾಕ್ಸೈಡ್ ಕಣ್ಣು ತೆಗೆಯಬಲ್ಲದು. ಸ್ಪಿರಿಟ್ ದೀಪದ ಪಕ್ಕ ಇಟ್ಟ ಎಥನಾಲ್ ಕೈ ಸುಡಬಲ್ಲದು. ಡಿಎಂಎಸ್ಒ ಎಂಬ ದ್ರಾವಕ ಚರ್ಮದ ಮೂಲಕ ತಾನೂ ಒಳಗೆ ಹೋಗುತ್ತದೆ, ತನ್ನಲ್ಲಿ ಕರಗಿದ್ದನ್ನೂ ಕರೆದುಕೊಂಡು ಹೋಗುತ್ತದೆ. ಅದೇ ಕಪಾಟಿನಲ್ಲಿ ಕಾಲ್ಚಿಸಿನ್ ಇದ್ದರಂತೂ ಕೇಳಲೇಬೇಡಿ. ಅದು ಬೆಳವಣಿಗೆ ನಿಯಂತ್ರಕ ಅಲ್ಲ, ಕ್ರೋಮೋಸೋಮ್ ದುಪ್ಪಟ್ಟು ಮಾಡಲು ಬಳಸುವ ವಿಷ. ಮನುಷ್ಯರ ಜೀವ ತೆಗೆಯಲು ಮಿಲಿಗ್ರಾಂ ಲೆಕ್ಕದಷ್ಟು ಸಾಕು. ಗಿಡದ ಚೂರಿನ ಮೇಲ್ಮೈ ಶುದ್ಧಿಗೆ ಬಳಸುವ ಮರ್ಕ್ಯೂರಿಕ್ ಕ್ಲೋರೈಡ್ ಕೂಡ ಅದೇ ಜಾತಿಯ ಘೋರ ವಿಷ. ಇವೆರಡನ್ನೂ ಹಾರ್ಮೋನ್ ಡಬ್ಬಿಗಳ ಸಾಲಿನಲ್ಲಿ ಇಡಬೇಡಿ. ಬೇರೆ ಕಪಾಟು, ಬೀಗ, ಯಾರು ಎಷ್ಟು ತೆಗೆದರು ಅಂತ ಒಂದು ಪುಸ್ತಕ, ಇಷ್ಟು ಇರಲೇಬೇಕು.

2,4-ಡಿ ಅಂದರೆ ಏಜೆಂಟ್ ಆರೆಂಜ್ ಅಲ್ವಾ? ಕ್ಯಾನ್ಸರ್ ಬರುತ್ತಂತೆ?

ಅರ್ಧ ನಿಜ. ವಿಯೆಟ್ನಾಂ ಯುದ್ಧದಲ್ಲಿ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಎರಡು ಕಳೆನಾಶಕಗಳನ್ನು ಹೆಚ್ಚು ಕಡಿಮೆ ಸಮ ಸಮ ಬೆರೆಸಿದ್ದರು. ಒಂದು 2,4-ಡಿ, ಇನ್ನೊಂದು 2,4,5-ಟಿ. ಅಲ್ಲಿ ತಲೆಮಾರುಗಳಿಗೆ ಕಾಟ ಕೊಟ್ಟ ಟಿಸಿಡಿಡಿ ಎಂಬ ಡಯಾಕ್ಸಿನ್ ಬಂದಿದ್ದು 2,4,5-ಟಿ ತಯಾರಿಸುವಾಗ ಹುಟ್ಟಿದ ಕಲ್ಮಶವಾಗಿ.

ಕ್ಯಾನ್ಸರ್ ವಿಷಯಕ್ಕೆ ಬಂದರೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ 2,4-ಡಿಯನ್ನು 2ಬಿ ಗುಂಪಿಗೆ ಹಾಕಿತು. 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎಂಬ ಗುಂಪು ಅದು. ಪುರಾವೆ ಅಷ್ಟು ಗಟ್ಟಿಯಿಲ್ಲ, ಆದರೆ ಕ್ಲೀನ್ ಚಿಟ್ ಕೂಡ ಸಿಕ್ಕಿಲ್ಲ. ನೂರು ಮಿಲಿಗ್ರಾಂ ತೂಗುವವರು ಹೆದರಿ ಕೆಲಸ ಬಿಡಬೇಕಿಲ್ಲ. ದೂಳು ಕುಡಿಯದ ಹಾಗೆ, ಕೈಗೆ ಮೆತ್ತದ ಹಾಗೆ ನೋಡಿಕೊಂಡರೆ ಸಾಕು. ಅದಕ್ಕೆ ತಾನೇ ಈ ಪುಟ.

ಸುರಕ್ಷತಾ ಮಾಹಿತಿ ಪತ್ರ ಪೂರ್ತಿ ಓದಲೇಬೇಕಾ?

ಅದರಲ್ಲಿ 16 ಭಾಗ ಇರುತ್ತದೆ. ಪೂರ್ತಿ ಓದಿದರೆ ಒಳ್ಳೆಯದು, ಆದರೆ ಯಾರೂ ಓದುವುದಿಲ್ಲ ಅಂತ ನನಗೂ ಗೊತ್ತು. ಕಡೇಪಕ್ಷ 2, 4, 6, 8 ಮತ್ತು 13 ಓದಿ. ಅಪಾಯ ಏನು, ಪ್ರಥಮ ಚಿಕಿತ್ಸೆ ಏನು, ಚೆಲ್ಲಿದರೆ ಏನು, ಏನು ತೊಡಬೇಕು, ಹೇಗೆ ಬಿಸಾಡಬೇಕು ಅನ್ನುವುದು ಅಲ್ಲಿರುತ್ತದೆ.

ಓದುವಾಗ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಹೊಂದಿಸಿ ನೋಡಿ. 2,4-ಡಿ ಆಮ್ಲದ್ದು 94-75-7, ಅದರ ಸೋಡಿಯಂ ಲವಣದ್ದು 2702-72-9. ಹೆಸರು ಹತ್ತಿರ ಹತ್ತಿರ, ಆದರೆ ಆಮ್ಲದ ಅಣುತೂಕ 221, ಲವಣದ್ದು 243. ಒಂದು ನೀರಿಗೆ ಹಟ ಮಾಡುತ್ತದೆ, ಇನ್ನೊಂದು ಕರಗಿಬಿಡುತ್ತದೆ. ಲವಣ ಸಿಗುವ ಕಡೆ ನಾನು ಲವಣವನ್ನೇ ತರಿಸುತ್ತೇನೆ. ಐಬಿಎ ಎಂಬ ಇನ್ನೊಂದು ಆಕ್ಸಿನ್ ಕೂಡ ಪೊಟ್ಯಾಸಿಯಂ ಲವಣವಾಗಿ ಸಿಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಮುಟ್ಟುವ ಕೆಲಸವೇ ತಪ್ಪಿತು, ಅಲ್ವಾ?

ಪುಡಿಯನ್ನು ಲ್ಯಾಮಿನಾರ್ ಫ್ಲೋ ಒಳಗೆ ತೂಗಬಹುದಾ? ಅಲ್ಲಿ ಗಾಳಿ ಶುದ್ಧ ಇರುತ್ತಲ್ಲ?

ಬೇಡ. ಖಂಡಿತ ಬೇಡ. ನಾನು ನೋಡಿದ ತಪ್ಪುಗಳಲ್ಲಿ ಇದೇ ಜಾಸ್ತಿ, ಅದೂ ಬುದ್ಧಿವಂತರೇ ಮಾಡುವ ತಪ್ಪು.

ಟಿಶ್ಯೂ ಕಲ್ಚರಿಗೆ ಬಳಸುವ ಅಡ್ಡಗಾಳಿಯ ಲ್ಯಾಮಿನಾರ್ ಫ್ಲೋದಲ್ಲಿ ಗಾಳಿ ಹಿಂದಿನ ಫಿಲ್ಟರಿನಿಂದ ಹೊರಟು ನೇರ ನಿಮ್ಮ ಎದೆಗೆ, ಮುಖಕ್ಕೆ ಬಡಿಯುತ್ತದೆ. ಅದು ಕಾಪಾಡುವುದು ಗಿಡವನ್ನು, ನಿಮ್ಮನ್ನಲ್ಲ. ಅಲ್ಲಿ ಪುಡಿ ತೆಗೆದರೆ ಮುಖಕ್ಕೆ ಎರಚಿಕೊಂಡ ಹಾಗೆ. ಫ್ಯೂಮ್ ಹುಡ್ ಇದಕ್ಕೆ ತದ್ವಿರುದ್ಧ, ಗಾಳಿಯನ್ನು ಒಳಗೆ ಎಳೆದು ಹೊರಗೆ ಬಿಡುತ್ತದೆ. ಪುಡಿ ತೂಗಲು, ದ್ರಾವಕ ಬೆರೆಸಲು ಅದೇ ಜಾಗ. ಬಯೋಸೇಫ್ಟಿ ಕ್ಯಾಬಿನೆಟ್ ಗಿಡವನ್ನೂ ನಿಮ್ಮನ್ನೂ ಕಾಯುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅದರ ಗಾಳಿಯ ಒಂದು ಪಾಲು ಒಳಗೇ ಸುತ್ತುತ್ತದೆ, ಹಾಗಾಗಿ ಎಥನಾಲ್‌ನಂಥ ಆವಿಯಾಗುವ ದ್ರಾವಕಕ್ಕೆ ಅದು ಹೇಳಿಸಿದ್ದಲ್ಲ.

ಫ್ಯೂಮ್ ಹುಡ್ ಒಳಗೆ ತಕ್ಕಡಿ ನಿಲ್ಲುವುದಿಲ್ಲ, ಅಂಕಿ ಕುಣಿಯುತ್ತಿರುತ್ತದೆ ಅನ್ನುತ್ತೀರಾ? ಅದಕ್ಕೂ ದಾರಿ ಇದೆ. ಮುಚ್ಚಳ ಇರುವ ಖಾಲಿ ಸಣ್ಣ ಬಾಟಲಿಯನ್ನು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಹುಡ್ ಒಳಗೆ ಅದಕ್ಕೆ ಅಂದಾಜಿನಲ್ಲಿ ಪುಡಿ ಹಾಕಿ, ಮುಚ್ಚಿ, ಮತ್ತೆ ತೂಗಿ. 100 ಮಿ.ಗ್ರಾಂ ಬೇಕಿತ್ತು, 93 ಬಂತು ಅನ್ನಿ. ಪುಡಿಯನ್ನು ಸರಿ ಮಾಡಲು ಹೋಗಬೇಡಿ, 100 ಮಿ.ಲೀ. ಬದಲು 93 ಮಿ.ಲೀ. ದ್ರಾವಣ ಮಾಡಿ. ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ ಬಂದೇ ಬರುತ್ತದೆ.

ಹುಡ್ ಇಲ್ಲ. ಮೇಜಿನ ಮೇಲೆಯೇ ತೂಗಬೇಕು. ಹೇಗೆ?

ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ತಕ್ಕಡಿಯ ಸುತ್ತ ಒದ್ದೆ ಟಿಶ್ಯೂ ಪೇಪರ್ ಹಾಸಿ, ಉದುರಿದ್ದು ಅಲ್ಲೇ ಅಂಟಿಕೊಳ್ಳಲಿ. ತೂಕದ ಕಾಗದವನ್ನು ಕರ್ಣದಲ್ಲಿ ಒಮ್ಮೆ ಮಡಿಸಿ ಬಿಡಿಸಿ, ನಡುವೆ ಕಾಲುವೆಯ ಹಾಗೆ ಗೆರೆ ಬರುತ್ತದೆ, ಪುಡಿ ಬೀಕರಿಗೆ ಜಾರಲು ಅನುಕೂಲ. ಬಾಟಲಿಯನ್ನು ತಟ್ಟಿ ತಟ್ಟಿ ಸುರಿಯಬೇಡಿ. ಸಣ್ಣ ಸ್ಪ್ಯಾಚುಲಾದ ತುದಿಯಲ್ಲಿ ಸಾಸಿವೆಯಷ್ಟು ತೆಗೆದು, ಕಾಗದಕ್ಕೆ ಹತ್ತಿರ ತಂದು, ಸ್ಪ್ಯಾಚುಲಾದ ಹಿಡಿಕೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಉಸಿರು ಕೂಡ ಮೆಲ್ಲಗೆ. ಜಾಸ್ತಿ ಬಿದ್ದರೆ ವಾಪಸ್ ಬಾಟಲಿಗೆ ಹಾಕಬೇಡಿ, ಇಡೀ ಬಾಟಲಿ ಕೆಡುತ್ತದೆ.

ಒಣ ಹವೆಯಲ್ಲಿ ಪುಡಿ ಕಾಗದದಿಂದ ಹಾರಿ ಗ್ಲೌಸಿಗೆ ಅಂಟುತ್ತದೆ, ಅದು ಸ್ಥಿರವಿದ್ಯುತ್ತಿನ ಕಿತಾಪತಿ. ತೂಗಲು ಬಳಸುವ ದೋಣಿಯಾಕಾರದ ಪ್ಲಾಸ್ಟಿಕ್ ತಟ್ಟೆಯ ಬದಲು ಕಾಗದ ಅಥವಾ ಗಾಜು ಬಳಸಿದರೆ ಅರ್ಧ ತಲೆನೋವು ಹೋಗುತ್ತದೆ.

ಇನ್ನೊಂದು ಮಾತು. ಫ್ರೀಜರಿನಿಂದ ತೆಗೆದ ಬಾಟಲಿಯನ್ನು ಆಗಲೇ ತೆರೆಯಬೇಡಿ. ಅರ್ಧ ಗಂಟೆ ಹೊರಗಿಟ್ಟು ಕೋಣೆಯ ಬಿಸಿಗೆ ಬರಲು ಬಿಡಿ. ತಣ್ಣಗಿರುವಾಗ ಮುಚ್ಚಳ ತೆಗೆದರೆ ಗಾಳಿಯ ತೇವ ಒಳಗೆ ಇಬ್ಬನಿ ಕಟ್ಟುತ್ತದೆ, ಪುಡಿ ಗಂಟಾಗುತ್ತದೆ. ಗಂಟು ಒಡೆಯಲು ಚುಚ್ಚಿದಾಗಲೇ ಪುಡಿ ಮುಖಕ್ಕೆ ಚಿಮ್ಮುವುದು.

ನೀರಿಗೆ ಹಾಕಿದೆ, ಕರಗುತ್ತಲೇ ಇಲ್ಲ. ಏನು ತಪ್ಪಾಯಿತು?

ತಪ್ಪೇನೂ ಇಲ್ಲ, ಅದರ ಗುಣವೇ ಅದು. 2,4-ಡಿ ಆಮ್ಲ ಶುದ್ಧ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಕೂಡ ಸರಿಯಾಗಿ ಕರಗುವುದಿಲ್ಲ. ಎನ್‌ಎಎ, ಐಬಿಎ ಆಕ್ಸಿನ್‌ಗಳು, ಬಿಎಪಿ, ಕೈನೆಟಿನ್ ಎಂಬ ಚಿಗುರು ಬರಿಸುವ ನಿಯಂತ್ರಕಗಳು ಕೂಡ ನೀರಿಗೆ ಮುಖ ತಿರುಗಿಸುತ್ತವೆ. ಮೊದಲು ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಎಥನಾಲ್‌ನಲ್ಲಿ ಕರಗಿಸಿ, ಆಮೇಲೆ ನೀರು.

100 ಮಿ.ಗ್ರಾಂ ಪುಡಿ ಬೀಕರಿನಲ್ಲಿದೆ ಅನ್ನಿ. ಗಾಗಲ್ಸ್ ಹಾಕಿದ್ದೀರಿ ತಾನೇ? 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು, ಅಂದರೆ ಲೀಟರಿಗೆ 40 ಗ್ರಾಂ ಹಾಕಿ ಮಾಡಿದ್ದನ್ನು, ಡ್ರಾಪರಿನಲ್ಲಿ ಹನಿ ಹನಿಯಾಗಿ ಬಿಡಿ. ಬೀಕರನ್ನು ವಾಲಿಸಿ ಸುತ್ತುತ್ತಾ ಇರಿ. ಮೊದಲ ಕೆಲವು ಹನಿಗೆ ಪುಡಿ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ, ಆಮೇಲೆ ಹಾಲಿನ ಬಣ್ಣ, ಆಮೇಲೆ ಒಂದೇ ಸಲಕ್ಕೆ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ನಿಲ್ಲಿಸಿ. ಆಮೇಲೆ ಕಲಕುತ್ತಾ ಮೆಲ್ಲಗೆ ನೀರು ಸೇರಿಸಿ, 100 ಮಿ.ಲೀ. ಫ್ಲಾಸ್ಕಿಗೆ ವರ್ಗಾಯಿಸಿ, ಬೀಕರನ್ನು ಎರಡು ಸಲ ತೊಳೆದ ನೀರನ್ನೂ ಅದಕ್ಕೇ ಸೇರಿಸಿ ಗೆರೆ ಮುಟ್ಟಿಸಿ. ತಿಳಿಯಾಗದಿದ್ದರೆ ಸ್ವಲ್ಪ ಬೆಚ್ಚಗೆ ಮಾಡಬಹುದು, ಕುದಿಸುವುದು ಬೇಡ. ಎಥನಾಲ್‌ನಲ್ಲಿ ಕರಗಿಸಿದ್ದರೆ ಬೆಂಕಿಯ ಹತ್ತಿರವೂ ಒಯ್ಯಬೇಡಿ.

ಸೋಡಿಯಂ ಹೈಡ್ರಾಕ್ಸೈಡ್ ತಯಾರಿಸುವಾಗ ಉಂಡೆಗಳನ್ನು ನೀರಿಗೆ ಹಾಕಿ. ಉಂಡೆಗಳ ಮೇಲೆ ನೀರು ಸುರಿಯಬೇಡಿ, ಬಿಸಿಯಾಗಿ ಸಿಡಿಯುತ್ತದೆ.

ಈ ಗಾಢ ದ್ರಾವಣಕ್ಕೆ ಸ್ಟಾಕ್ ಅನ್ನುತ್ತೇವೆ. ಈ ಸ್ಟಾಕಿನಿಂದ ಲೀಟರ್ ಮೀಡಿಯಾಗೆ 2 ಮಿ.ಲೀ. ಹಾಕಿದರೆ ಲೀಟರಿಗೆ 2 ಮಿ.ಗ್ರಾಂ. ಕ್ಯಾಲಸ್, ಅಂದರೆ ಆಕಾರವಿಲ್ಲದ ಜೀವಕೋಶಗಳ ಮುದ್ದೆ, ಬರಿಸಲು ಎಲ್ಲರೂ ಓಡಾಡುವ ಜಾಗ ಅದರ ಆಸುಪಾಸಿನಲ್ಲೇ. ಪೇಪರುಗಳಲ್ಲಿ ಮೈಕ್ರೋಮೋಲಾರ್ ಅಂತ ಬರೆದಿದ್ದರೆ, ಲೀಟರಿಗೆ 2,4-ಡಿಯ 1 ಮಿ.ಗ್ರಾಂ ಅಂದರೆ 4.5 ಮೈಕ್ರೋಮೋಲಾರ್. ಹತ್ತು ಪಟ್ಟು ತಪ್ಪು ಹಾಕಿ ಗಿಡ ಕಪ್ಪಾಯಿತು ಅಂತ ಕೊರಗುವವರು ಪ್ರತಿ ವರ್ಷ ಇಬ್ಬರಾದರೂ ಸಿಗುತ್ತಾರೆ.

ಯಾವ ಗ್ಲೌಸ್? ಯಾವ ಮಾಸ್ಕ್?

ನೈಟ್ರೈಲ್ ಗ್ಲೌಸ್. ಪುಡಿಗೆ, ನೀರಿನ ದ್ರಾವಣಕ್ಕೆ ಅದು ಸಾಕು. ಡಿಎಂಎಸ್ಒ ಮಾತ್ರ ತೆಳು ನೈಟ್ರೈಲಿನೊಳಗೂ ದಾರಿ ಮಾಡಿಕೊಳ್ಳುತ್ತದೆ. ಥೈಡಿಯಾಜುರಾನ್ ಎಂಬ ನಿಯಂತ್ರಕವನ್ನು ಬಹುಪಾಲು ಡಿಎಂಎಸ್ಒದಲ್ಲೇ ಕರಗಿಸುವುದರಿಂದ ಆ ದಿನ ಎರಡು ಜೊತೆ ತೊಡಿ. ಮೇಲಿನದಕ್ಕೆ ಒಂದು ಹನಿ ಬಿದ್ದರೂ ತಕ್ಷಣ ಬಿಚ್ಚಿ ಬದಲಿಸಿ.

ಗ್ಲೌಸ್ ಹಾಕಿಕೊಂಡೇ ಮೊಬೈಲ್ ನೋಡುವವರಿಗೆ ನಾನು ಏನೂ ಹೇಳುವುದಿಲ್ಲ, ಸುಮ್ನೆ ಅವರ ಮೊಬೈಲಿನ ಕಡೆ ನೋಡುತ್ತೇನೆ. ಸಂಜೆ ಅದೇ ಮೊಬೈಲು ಕೆನ್ನೆಗೆ ಒತ್ತಿಕೊಳ್ಳುವುದು ತಾನೇ.

ಮಾಸ್ಕ್ ವಿಷಯದಲ್ಲಿ, ಸರ್ಜಿಕಲ್ ಮಾಸ್ಕ್ ದೂಳಿಗೆ ಸಾಲದು, ಬದಿಯಿಂದ ಗಾಳಿ ನುಗ್ಗುತ್ತದೆ. ಹುಡ್ ಇಲ್ಲದೆ ತೂಗುವಾಗ ಎನ್95 ಅಥವಾ ಎಫ್‌ಎಫ್‌ಪಿ2 ಬೇಕು, ಮೂಗಿನ ಮೇಲಿನ ತಂತಿ ಒತ್ತಿ ಸರಿಯಾಗಿ ಕೂರಿಸಿ. ಇವು ಆವಿಯನ್ನು ತಡೆಯುವುದಿಲ್ಲ.

ಕನ್ನಡಕ ಆಗಲೇ ಇದೆಯಲ್ಲ, ಗಾಗಲ್ಸ್ ಯಾಕೆ?

ಓದುವ ಕನ್ನಡಕಕ್ಕೆ ಬದಿ ಇಲ್ಲ. ಹನಿ ಬರುವುದು ಬದಿಯಿಂದಲೇ.

ಎಲ್ಲವನ್ನೂ ಮೀಡಿಯಾ ಜೊತೆ ಆಟೋಕ್ಲೇವ್ ಮಾಡಬಹುದಾ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಬಹುದಾ?

2,4-ಡಿ, ಎನ್‌ಎಎ, ಬಿಎಪಿ, ಕೈನೆಟಿನ್ 121 ಡಿಗ್ರಿಯನ್ನು ತಡೆದುಕೊಳ್ಳುತ್ತವೆ. ಕೈನೆಟಿನ್ ಅಂತೂ ಹುಟ್ಟಿದ್ದೇ ಅಲ್ಲಿ. 1955ರಲ್ಲಿ ಮಿಲ್ಲರ್, ಸ್ಕೂಗ್ ಮತ್ತು ಜೊತೆಗಾರರು ಹೆರಿಂಗ್ ಮೀನಿನ ವೀರ್ಯದ ಡಿಎನ್ಎಯಿಂದ ಅದನ್ನು ಬೇರ್ಪಡಿಸಿದರು. ಹಳೆಯ ಡಿಎನ್ಎ ಅಥವಾ ಆಟೋಕ್ಲೇವ್‌ನಲ್ಲಿ ಬೆಂದ ಡಿಎನ್ಎ, ಎರಡರಲ್ಲೇ ಅದು ಸಿಗುತ್ತಿದ್ದದ್ದು.

ಜಿಬ್ಬರೆಲಿಕ್ ಆಮ್ಲಕ್ಕೆ ಆ ಬಿಸಿ ಆಗದು, ಬಹುಪಾಲು ಶಕ್ತಿ ಹೋಗಿಬಿಡುತ್ತದೆ. ಐಎಎ, ಅಬ್ಸಿಸಿಕ್ ಆಮ್ಲ, ಜಿಯಾಟಿನ್ ಕೂಡ ನಾಜೂಕು. ಇವನ್ನು 0.22 ಮೈಕ್ರೋಮೀಟರ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಮೀಡಿಯಾ ಆರಿದ ಮೇಲೆ ಹಾಕುತ್ತೇವೆ.

ಸುರಕ್ಷತೆಯ ಮಾತು ಬರುವುದು ಇಲ್ಲೇ. ನನ್ನ ಶುರುವಿನ ದಿನಗಳಲ್ಲಿ ಜಿಬ್ಬರೆಲಿಕ್ ಆಮ್ಲ ಸೋಸುತ್ತಿದ್ದೆ. ಸುಮ್ನೆ ಒತ್ತಿ ಕೂರಿಸುವ ತುದಿಯ ಸಿರಿಂಜು. ಫಿಲ್ಟರ್ ಕಟ್ಟಿಕೊಂಡಿತ್ತು, ನಾನು ಹೆಬ್ಬೆರಳಿನಿಂದ ಇನ್ನೂ ಬಲವಾಗಿ ಒತ್ತಿದೆ. ಟಪ್ ಅಂತ ಸದ್ದು ಬಂತು. ಫಿಲ್ಟರ್ ಹಾರಿ ಎಲ್ಲೋ ಬಿತ್ತು, ಎಥನಾಲ್ ಸೇರಿದ ದ್ರಾವಣ ಹಣೆ, ಕೆನ್ನೆ, ತುಟಿಗೆಲ್ಲ. ಗಾಗಲ್ಸ್ ಹಾಕಿದ್ದೆ, ಅದೂ ಸೀನಿಯರ್ ಬೈದಿದ್ದರು ಅನ್ನೋ ಕಾರಣಕ್ಕೆ. ಅವತ್ತಿನಿಂದ ತಿರುಗಿಸಿ ಬಿಗಿ ಮಾಡುವ ಲೂಯರ್ ಲಾಕ್ ಸಿರಿಂಜು ಬಿಟ್ಟು ಬೇರೆ ಮುಟ್ಟಿಲ್ಲ. ಒತ್ತಲು ಕಷ್ಟ ಆದರೆ ಫಿಲ್ಟರ್ ಬದಲಿಸಿ, ಬಲ ಹಾಕಬೇಡಿ.

ಡಿಎಂಎಸ್ಒ ಇದ್ದರೆ ಫಿಲ್ಟರಿನ ಪೊರೆ ಯಾವುದು ಅಂತ ನೋಡಿ. ಸೆಲ್ಯುಲೋಸ್ ಅಸಿಟೇಟ್ ಅದರಲ್ಲಿ ಹಾಳಾಗುತ್ತದೆ. ಪಿಟಿಎಫ್ಇ ಅಥವಾ ನೈಲಾನ್ ತಗೊಳ್ಳಿ.

ಎಥನಾಲ್ ಮತ್ತು ಸ್ಪಿರಿಟ್ ದೀಪ ಎರಡೂ ದಿನಾ ಬೇಕು. ಹೇಗೆ ನಿಭಾಯಿಸೋದು?

70% ಎಥನಾಲ್ ಕೂಡ ಕೋಣೆಯ ಸಾಮಾನ್ಯ ಬಿಸಿಯಲ್ಲೇ ಹೊತ್ತಿಕೊಳ್ಳುತ್ತದೆ. ನೀರು ಬೆರೆಸಿದ್ದೀವಲ್ಲ ಅಂತ ನಂಬಬೇಡಿ. ಮೊದಲು ಸ್ಪ್ರೇ ಮಾಡಿ, ಒರೆಸಿ, ಪೂರ್ತಿ ಒಣಗಲಿ, ಆಮೇಲೆ ದೀಪ ಹಚ್ಚಿ. ದೀಪ ಹಚ್ಚಿದ ಮೇಲೆ ಸ್ಪ್ರೇ ಬಾಟಲಿ ಹೊರಗೆ. ಒದ್ದೆ ಗ್ಲೌಸ್ ಹಾಕಿದ ಕೈ ಜ್ವಾಲೆಯ ಹತ್ತಿರ ಬೇಡ, ನೈಟ್ರೈಲ್ ಕರಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ಎಥನಾಲ್ ಬೆಂಕಿಯ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣುವುದೇ ಕಷ್ಟ. ಸಾಧ್ಯವಿದ್ದರೆ ದೀಪ ಬಿಟ್ಟು ಗಾಜಿನ ಮಣಿಗಳ ಸ್ಟೆರಿಲೈಜರ್ ತರಿಸಿ. ದುಡ್ಡು ಹೋಗುತ್ತದೆ, ಚಿಂತೆಯೂ ಹೋಗುತ್ತದೆ.

ಎಲ್ಲಿ, ಎಷ್ಟು ದಿನ ಇಡಬಹುದು?

2,4-ಡಿ, ಎನ್‌ಎಎ, ಬಿಎಪಿ ಪುಡಿ ಒಣ ಜಾಗದಲ್ಲಿ, ಹೊರಗಿನ ಬಿಸಿಯಲ್ಲೇ ಇರುತ್ತವೆ. ಐಎಎ, ಜಿಯಾಟಿನ್, ಅಬ್ಸಿಸಿಕ್ ಆಮ್ಲವನ್ನು ಮೈನಸ್ 20ರಲ್ಲಿ, ಕತ್ತಲೆಯಲ್ಲಿ ಇಡುವುದು ವಾಡಿಕೆ. ಆದರೂ ಬಾಟಲಿ ಮೇಲೆ ಏನು ಬರೆದಿದೆಯೋ ಅದೇ ಕೊನೆ ಮಾತು. ಐಎಎ ಬೆಳಕಿಗೆ ಸಿಕ್ಕಿ ಗುಲಾಬಿ ಅಥವಾ ಕಂದು ತಿರುಗಿದ್ದರೆ ಅದು ಕೆಟ್ಟಿದೆ ಅಂತಲೇ ಲೆಕ್ಕ.

ದ್ರಾವಣಗಳು ಫ್ರಿಜ್ಜಿನಲ್ಲಿ, ಕಂದು ಬಾಟಲಿಯಲ್ಲಿ ಅಥವಾ ಫಾಯಿಲ್ ಸುತ್ತಿ. ಆ ಫ್ರಿಜ್ಜಿನಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ ಇಡಬಾರದು. 'ಒಂದೇ ದಿನ' ಅಂದರೂ ಕೂಡದು.

ಲೇಬಲ್ ಮೇಲೆ ಹೆಸರು, ಸಾಂದ್ರತೆ, ಯಾವುದರಲ್ಲಿ ಕರಗಿಸಿದ್ದು, ತಾರೀಕು, ಮಾಡಿದವರ ಹೆಸರು. 'ಯಾವುದರಲ್ಲಿ ಕರಗಿಸಿದ್ದು' ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಮುಂದೆ ಆ ಬಾಟಲಿ ಹಿಡಿಯುವವರಿಗೆ ಬೇಕಾಗಿರುವುದೇ ಅದು. ಮಾರ್ಕರ್ ಬರಹ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ಪೆನ್ಸಿಲಿನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ.

ಚೆಲ್ಲಿಬಿಟ್ಟೆ!

ಪುಡಿಯಾದರೆ ಪೊರಕೆ, ಒಣ ಬಟ್ಟೆ, ಮನೆಯ ವ್ಯಾಕ್ಯೂಮ್ ಕ್ಲೀನರ್ ಯಾವುದೂ ಬೇಡ, ಎಲ್ಲವೂ ದೂಳು ಎಬ್ಬಿಸುತ್ತವೆ. ಒದ್ದೆ ಟಿಶ್ಯೂ ಮೇಲಿನಿಂದ ಹೊದಿಸಿ, ಹೊರಗಿನಿಂದ ಒಳಗೆ ಒತ್ತಿ ತೆಗೆಯಿರಿ. ಚೀಲಕ್ಕೆ ಹಾಕಿ, ಆ ಚೀಲ ಇನ್ನೊಂದು ಚೀಲಕ್ಕೆ, ಲೇಬಲ್. ಆಮೇಲೆ ಸೋಪಿನ ನೀರಿನಲ್ಲಿ ಎರಡು ಸಲ ಒರೆಸಿ. ದ್ರಾವಣವಾದರೆ ಹೀರುವ ಹಾಳೆ ಹಾಕಿ, ಅದೇ ದಾರಿ. ಎಥನಾಲ್ ಸ್ಟಾಕ್ ಜಾಸ್ತಿ ಚೆಲ್ಲಿದ್ದರೆ ಮೊದಲ ಕೆಲಸ ದೀಪ ಆರಿಸುವುದು.

ಮೈಮೇಲೆ, ಕಣ್ಣಿಗೆ ಬಿದ್ದರೆ? ಬಾಯಿಗೆ ಹೋದರೆ?

ಕಣ್ಣಿಗೆ ಬಿದ್ದರೆ ಓಡಿ. ಐ ವಾಶ್ ಅಥವಾ ನಲ್ಲಿ, ಯಾವುದು ಹತ್ತಿರವೋ ಅದು. ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿದು ಕಡೇಪಕ್ಷ 15 ನಿಮಿಷ ನೀರು ಬಿಡಿ. ಗಡಿಯಾರ ನೋಡಿ, ಯಾಕೆಂದರೆ ಎರಡೇ ನಿಮಿಷಕ್ಕೆ ಹದಿನೈದು ಆಯಿತು ಅನ್ನಿಸುತ್ತದೆ. ಕಾಂಟಾಕ್ಟ್ ಲೆನ್ಸ್ ಇದ್ದರೆ ನೀರು ಬಿಡುತ್ತಲೇ ತೆಗೆಯಿರಿ. ಸೋಡಿಯಂ ಹೈಡ್ರಾಕ್ಸೈಡ್ ಸೇರಿದ ಸ್ಟಾಕ್ ಆಗಿದ್ದರೆ ಉರಿ ನಿಂತರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು. ಕ್ಷಾರ ಮೇಲಿನ ಉರಿ ಆರಿದ ಮೇಲೂ ಒಳಗೆ ಇಳಿಯುತ್ತಿರುತ್ತದೆ. ಆಮ್ಲ ಹಾಕಿ 'ಸಮ' ಮಾಡುವ ಬುದ್ಧಿವಂತಿಕೆ ದಯವಿಟ್ಟು ಬೇಡ.

ಚರ್ಮಕ್ಕೆ ಬಿದ್ದರೆ ಗ್ಲೌಸ್, ನೆನೆದ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೆಯಿರಿ. ಎಥನಾಲ್‌ನಿಂದ ಒರೆಸಬೇಡಿ.

ನುಂಗಿದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ವಾಂತಿ ಮಾಡಿಸಲು ಹೋಗಬೇಡಿ. ತಕ್ಷಣ ಆಸ್ಪತ್ರೆಗೆ, ಕೈಯಲ್ಲಿ ಬಾಟಲಿಯ ಫೋಟೋ ಮತ್ತು ಮಾಹಿತಿ ಪತ್ರ. 2,4-ಡಿಗೆ ಅಂತ ಪ್ರತ್ಯೇಕ ಮದ್ದಿಲ್ಲ. ಏನು ನುಂಗಿದ್ದು ಅಂತ ಡಾಕ್ಟರಿಗೆ ಬೇಗ ಗೊತ್ತಾದಷ್ಟೂ ಒಳ್ಳೆಯದು. ಬಾಯಿಂದ ಪಿಪೆಟ್ ಎಳೆಯುವ ಹಳೆಯ ಅಭ್ಯಾಸ ಯಾರಲ್ಲಾದರೂ ಉಳಿದಿದ್ದರೆ ಇವತ್ತೇ ಬಿಡಿ.

ಗರ್ಭಿಣಿಯರು ಈ ಕೆಲಸ ಮಾಡಬಹುದಾ?

ಬಿಎಪಿ, ಪ್ಯಾಕ್ಲೋಬ್ಯುಟ್ರಜೋಲ್‌ನಂಥ ಕೆಲವುಗಳ ಮಾಹಿತಿ ಪತ್ರದಲ್ಲಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದೆಂಬ ಶಂಕೆಯ ಎಚ್ಚರಿಕೆ ಇರುತ್ತದೆ. ಪುಡಿ ತೂಗುವುದು, ಸ್ಟಾಕ್ ಮಾಡುವುದನ್ನು ಬೇರೆಯವರಿಗೆ ಬಿಡುವುದು ಸರಿ. ಸಿದ್ಧವಾದ ಮೀಡಿಯಾದಲ್ಲಿ ಲೀಟರಿಗೆ ಒಂದೆರಡು ಮಿಲಿಗ್ರಾಂ ಇರುತ್ತದೆ, ಅದೂ ಅಗರ್‌ನಲ್ಲಿ ಹೆಪ್ಪುಗಟ್ಟಿ. ಅಲ್ಲಿನ ಅಪಾಯ ತುಂಬಾ ಕಮ್ಮಿ. ಆದರೂ ಬೇಗ ಹೇಳಿ, ಡಾಕ್ಟರನ್ನು ಕೇಳಿ. ಲ್ಯಾಬಿನ ಹಿರಿಯರು ಕಾರಣ ಕೇಳದೆ ಕೆಲಸ ಬದಲಿಸಿ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಎಷ್ಟೋ ಜನ ಮೊದಲ ತಿಂಗಳುಗಳಲ್ಲಿ ಹೇಳಿಕೊಳ್ಳಲು ಇಷ್ಟಪಡುವುದಿಲ್ಲ.

ಉಳಿದದ್ದನ್ನು ಸಿಂಕಿಗೆ ಸುರಿದು ಜೋರಾಗಿ ನೀರು ಬಿಟ್ಟರೆ?

ಬೇಡ. ಗಾಢ ಸ್ಟಾಕ್ ಯಾವುದೂ ಸಿಂಕಿಗಲ್ಲ. ನೀರಿನ ಗಿಡಗಳಿಗೆ 2,4-ಡಿ ಕೊಡುವ ಪೆಟ್ಟು ಸಣ್ಣದಲ್ಲ, ಅದು ಮೂಲತಃ ಕಳೆನಾಶಕ ತಾನೇ. ಆಟೋಕ್ಲೇವ್ ಮಾಡಿದರೆ ಸೂಕ್ಷ್ಮಜೀವಿ ಸಾಯುತ್ತವೆ, 2,4-ಡಿ ಸಾಯುವುದಿಲ್ಲ. ಲೇಬಲ್ ಇರುವ ಕ್ಯಾನಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಎಥನಾಲ್, ಡಿಎಂಎಸ್ಒ ಇರುವುದಕ್ಕೆ ಬೇರೆ ಕ್ಯಾನು.

ಕುಂಡದ ಗಿಡಕ್ಕೂ ಹಾಕಬೇಡಿ. 'ಹಾರ್ಮೋನ್ ಅಲ್ವಾ, ಚೆನ್ನಾಗಿ ಬೆಳೆಯಲಿ' ಅಂತ ಒಬ್ಬರು ಉಳಿದ ಸ್ಟಾಕನ್ನು ಕಿಟಕಿ ಪಕ್ಕದ ಕುಂಡಕ್ಕೆ ಹಾಕಿದ್ದರು. ಮರುದಿನವೇ ಕಾಂಡ ಹಾವಿನ ಹಾಗೆ ತಿರುಚಿಕೊಂಡಿತ್ತು, ಎಲೆಗಳು ಕೆಳಗೆ ಸುರುಟಿದ್ದವು. ಅಗಲ ಎಲೆಯ ಗಿಡಗಳಿಗೆ 2,4-ಡಿ ಜಾಸ್ತಿಯಾದರೆ ಆಗುವುದೇ ಹಾಗೆ. ಬೆಳೆದು ಬೆಳೆದೇ ಸಾಯುತ್ತವೆ.

ಎಥೆಫಾನ್‌ಗೆ ಬೇರೆ ನಿಯಮ ಇದೆಯಂತೆ?

ಇದೆ. ಎಥೆಫಾನ್ ಎಂಬ ನಿಯಂತ್ರಕ ಹುಳಿ ದ್ರಾವಣದಲ್ಲಿ ಮಾತ್ರ ಸುಮ್ಮನಿರುತ್ತದೆ. ಪಿಎಚ್ 4–5 ದಾಟಿದರೆ ಒಡೆದು ಎಥಿಲೀನ್ ಅನಿಲ ಬಿಡುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಸೋಡಿಯಂ ಹೈಡ್ರಾಕ್ಸೈಡ್ ಇರುವ ತ್ಯಾಜ್ಯದ ಕ್ಯಾನಿಗೆ ಎಥೆಫಾನ್ ಸುರಿದು ಮುಚ್ಚಳ ಬಿಗಿ ಮಾಡಿದರೆ ಕ್ಯಾನು ಉಬ್ಬುತ್ತದೆ. ಬ್ಲೀಚ್ ಜೊತೆಯೂ ಬೇಡ, ಹುಳಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಏಳುತ್ತದೆ. ಗಾಢ ಎಥೆಫಾನ್ ಚರ್ಮವನ್ನೇ ಸುಡುತ್ತದೆ. ಸಾಲದ್ದಕ್ಕೆ, ಸೋರಿದ ಎಥಿಲೀನ್ ಪಕ್ಕದ ಕಲ್ಚರ್ ಕೋಣೆಯ ಗಿಡಗಳ ಎಲೆ ಉದುರಿಸುತ್ತದೆ.

ನನ್ನ ಕಂಟ್ರೋಲ್ ಪ್ಲೇಟಿನಲ್ಲೂ ಕ್ಯಾಲಸ್ ಬರುತ್ತಿದೆ. ಇದಕ್ಕೂ ಸುರಕ್ಷತೆಗೂ ಏನು ಸಂಬಂಧ?

ಸಂಬಂಧ ಇದೆ. ಹಾರ್ಮೋನ್ ಹಾಕದ ಮೀಡಿಯಾದಲ್ಲಿ ಕ್ಯಾಲಸ್ ಬಂದರೆ ಎಲ್ಲೋ 2,4-ಡಿ ಸೇರಿಕೊಂಡಿದೆ ಅಂತ ನಾನು ಮೊದಲು ಅನುಮಾನ ಪಡುತ್ತೇನೆ. ಸರಿಯಾಗಿ ತೊಳೆಯದ ಫ್ಲಾಸ್ಕು, ಎಲ್ಲರೂ ಬಳಸುವ ಸ್ಪ್ಯಾಚುಲಾ, ಪಿಎಚ್ ಮೀಟರಿನ ಕಡ್ಡಿ, ಮ್ಯಾಗ್ನೆಟಿಕ್ ಸ್ಟರ್ರರ್ ಗುಂಡು. ಗಿಡಕ್ಕೆ ತಲುಪಿದ್ದು ನಿಮ್ಮ ಕೈಗೂ ತಲುಪಿರುತ್ತದೆ. ಸ್ಟಾಕ್ ಮಾಡುವ ಗಾಜಿನ ಸಾಮಾನು ಬೇರೆ ಇಡಿ, ಬಣ್ಣದ ಟೇಪ್ ಸುತ್ತಿ. ತೊಳೆಯುವಾಗ ಮೊದಲು ಒಂದು ಸಲ ತೆಳು ಕ್ಷಾರದ ನೀರು, ಆಮೇಲೆ ಸೋಪು, ಆಮೇಲೆ ಹಲವು ಸಲ ಡಿಸ್ಟಿಲ್ಡ್ ನೀರು.

ಫ್ರಿಜ್ಜಿನ ಹಿಂದೆ ಲೇಬಲ್ ಇಲ್ಲದ ಹಳೆಯ ಬಾಟಲಿ ಸಿಕ್ಕಿತು. ಮಾಡಿದವರು ಲ್ಯಾಬ್ ಬಿಟ್ಟು ಹೋಗಿದ್ದಾರೆ.

ಮೂಸಬೇಡಿ, ಅಲುಗಾಡಿಸಬೇಡಿ, 'ಬಹುಶಃ ಬಿಎಪಿ ಇರಬೇಕು' ಅಂತ ಬರೆದು ವಾಪಸ್ ಇಡಬೇಡಿ. ಅದು ಕಾಲ್ಚಿಸಿನ್ ಕೂಡ ಆಗಿರಬಹುದು. ಗ್ಲೌಸ್ ಹಾಕಿ ಹೊರಗೆ ತೆಗೆದು, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ನಿಲ್ಲಿಸಿ. 'ಏನೆಂದು ಗೊತ್ತಿಲ್ಲ, ಅಪಾಯಕಾರಿ ಎಂದು ತಿಳಿಯಿರಿ' ಅಂತ ಬರೆದು, ಸಿಕ್ಕಿದ ತಾರೀಕು, ಯಾವ ಫ್ರಿಜ್ಜು, ಯಾವ ಅರೆ ಅಂತ ಸೇರಿಸಿ. ಬಿಟ್ಟು ಹೋದವರಿಗೆ ಒಂದು ಫೋನ್ ಮಾಡಿ ನೋಡಿ, ಕೆಲವು ಸಲ ನೆನಪಿರುತ್ತದೆ. ನೆನಪಿಲ್ಲ ಅಂದರೆ ತ್ಯಾಜ್ಯದವರಿಗೆ ಹಾಗೆಯೇ ಒಪ್ಪಿಸಿ, ಆ ಅರೆಯಲ್ಲಿ ಇನ್ನೆಷ್ಟು ಬಾಟಲಿ ಹೀಗೇ ಇವೆ ಅಂತ ಅವತ್ತೇ ಎಣಿಸಿ.